ಪದ ಬೇಕು: ಬ್ಲಡ್ ರಿಪೋರ್ಟಿನ ‘ಎಸ್‌ಎಚ್‌ಬಿಜಿ’ಗೆ ಕನ್ನಡದಲ್ಲಿ ಏನು? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ಬಸವನಗುಡಿಯ ಒಂದು ಕ್ಲಿನಿಕ್ಕಿಗೆ ರೋಗಿಗಳ ಕರಪತ್ರ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ಸಂಜೆ ಪ್ರಿಂಟಿಗೆ ಹೋಗಬೇಕು. ‘ಸೆಕ್ಸ್ ಹಾರ್ಮೋನ್ ಬೈಂಡಿಂಗ್ ಗ್ಲಾಬ್ಯುಲಿನ್’ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಲಿವರ್ ತಯಾರಿಸುವ ಪ್ರೋಟೀನು ಇದು. ‘ಲೈಂಗಿಕ ಚೋದನಿ ಬಂಧಕ ಗೋಳಸಸಾರಜನಕ’ ಅಂತ ಬರೆದೆ. ರಿಸೆಪ್ಷನ್ನಿನ ಹುಡುಗಿ ಓದಿ ನಕ್ಕಳು. ಇನ್ನು ‘ಫ್ರೀ ಟೆಸ್ಟೋಸ್ಟಿರೋನ್’ ಅನ್ನು ಕಂಪ್ಯೂಟರು ‘ಉಚಿತ ಟೆಸ್ಟೋಸ್ಟಿರೋನ್’ ಮಾಡಿಟ್ಟಿದೆ. ಹೀಗೇ ಅಚ್ಚಾದರೆ ಬಾಗಿಲಲ್ಲಿ ಕ್ಯೂ ನಿಲ್ಲುತ್ತದೆ!

---

> ಲೈಂಗಿಕ ಚೋದನಿ

ನಗುವುದೇನು ಬಂತು? ‘ಚೋದನಿ’ ಸರಿಯಾಗೇ ಇದೆ. 1905ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಸ್ಟಾರ್ಲಿಂಗ್ ‘ಹಾರ್ಮೋನ್’ ಪದ ಬಳಕೆಗೆ ತಂದಿದ್ದು ಗ್ರೀಕಿನಿಂದ. ಅಲ್ಲಿ ಅದರ ಅರ್ಥ ಕೆರಳಿಸು, ಹೊರಡಿಸು. ಸಂಸ್ಕೃತದ ‘ಚುದ್’ ಧಾತುವಿಗೂ ಹೆಚ್ಚುಕಮ್ಮಿ ಅದೇ ಅರ್ಥ. ಗಾಯತ್ರಿಯ ‘ಪ್ರಚೋದಯಾತ್’ ನೋಡಿ. ಇಷ್ಟು ಹೊಂದುವ ಪದ ಬಿಟ್ಟು ‘ಹಾರ್ಮೋನು’ ಅನ್ನುವುದು ಸೋಮಾರಿತನ.

---

ಇಂಗ್ಲಿಷ್ ಸಾಲ ಬೇಡ ಅಂತ ಸಂಸ್ಕೃತದ ಹತ್ತಿರ ಸಾಲ ಎತ್ತುವುದು. ಭೇಷ್! ‘ಬಂಧಕ’ ಯಾಕೆ, ‘ಕಟ್ಟು’ ಸತ್ತುಹೋಯಿತಾ? ‘ಸಸಾರಜನಕ’ವಂತೂ ಶಾಲೆಯ ಪರೀಕ್ಷೆ ಮುಗಿದ ದಿನವೇ ಎಲ್ಲರೂ ಮರೆತ ಪದ. ‘ಸಾರಜನಕ’ ಅಂದರೆ ನೈಟ್ರೋಜನ್, ಅದರ ಮುಂದೆ ಒಂದು ‘ಸ’. ತಿನ್ನುವ ಬೇಳೆಗೆ ಯಾರಾದರೂ ಹಾಗೆ ಹೇಳುತ್ತಾರಾ?

---

ಈ ಜಗಳ ಆಮೇಲೆ ಆಡಿ. ಕೇಳಿದವರಿಗೆ ಸಂಜೆಯೊಳಗೆ ಬೇಕಂತೆ.

ಮೇಡಂ, ‘ಎಸ್‌ಎಚ್‌ಬಿಜಿ’ ಹಾಗೇ ಬಿಡಿ. ಜನ ಕರಪತ್ರ ಪಕ್ಕದಲ್ಲಿಟ್ಟುಕೊಂಡು ರಿಪೋರ್ಟ್ ಓದುತ್ತಾರೆ. ಬೇರೆ ಹೆಸರಿಟ್ಟರೆ ಅದನ್ನು ಎಲ್ಲಿ ಹುಡುಕಬೇಕು? ಕೆಳಗೆ ‘ಟೆಸ್ಟೋಸ್ಟಿರೋನ್, ಈಸ್ಟ್ರಡಯೋಲ್ ಹಾರ್ಮೋನುಗಳನ್ನು ಹಿಡಿದಿಡುವ ಪ್ರೋಟೀನು’ ಅಂತ ಒಂದು ಸಾಲು ಸಾಕು. ‘ಲೈಂಗಿಕ’ ತೆಗೆದು ಬರೀ ‘ಹಾರ್ಮೋನು ಹಿಡಿದಿಡುವ’ ಅಂದರೆ ಆಗಲ್ಲ. ಥೈರಾಯ್ಡ್ ಹಾರ್ಮೋನು ಹಿಡಿಯುವ ಪ್ರೋಟೀನು ಬೇರೆಯೇ ಇದೆ.

‘ಫ್ರೀ’ಗೆ ‘ಬಿಡಿ’. ಗಾಂಧಿಬಜಾರಿನಲ್ಲಿ ಬಿಡಿ ಹೂವು, ಕಟ್ಟಿದ ಹೂವು ಅಂತೀವಲ್ಲ, ಹಾಗೆ. ಟೆಸ್ಟೋಸ್ಟಿರೋನಿನಲ್ಲಿ ಬಿಡಿಯಾಗಿ ಓಡಾಡುವುದು ನೂರರಲ್ಲಿ 1ರಿಂದ 3 ಪಾಲು ಅಷ್ಟೇ. ಉಳಿದದ್ದೆಲ್ಲ ‘ಬಂಧಿತ’ ಅಂದರೂ ತಪ್ಪಾಗುತ್ತದೆ. ಎಸ್‌ಎಚ್‌ಬಿಜಿ ಹಿಡಿದಿದ್ದು ಬಿಗಿ, ರಕ್ತದ ಇನ್ನೊಂದು ಪ್ರೋಟೀನಾದ ಆಲ್ಬುಮಿನ್‌ಗೆ ಅಂಟಿದ್ದು ಸಡಿಲ. ಸಡಿಲದ್ದು ಬೇಗ ಬಿಟ್ಟುಕೊಂಡು ಕೆಲಸಕ್ಕೆ ಸಿಗುತ್ತದೆ. ಬಿಗಿ, ಸಡಿಲ, ಬಿಡಿ: ಮೂರಕ್ಕೂ ಮನೆಮಾತಿನ ಪದಗಳೇ ಇವೆ, ಸುಮ್ನೆ ನಿಘಂಟು ಯಾಕೆ?

ಒಂದು ಎಚ್ಚರಿಕೆ. ‘ಹೈ’ಗೆ ‘ವಿಪರೀತ’ ಅಂತ ಹಾಕಬೇಡಿ, ಓದಿದವರು ಹೆದರುತ್ತಾರೆ. ‘ಹೆಚ್ಚು’ ಅನ್ನಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ ಎಸ್‌ಎಚ್‌ಬಿಜಿ ಏರುತ್ತದೆ, ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯಿಂದಲೂ ಏರುತ್ತದೆ. ಬೊಜ್ಜು, ಪಿಸಿಒಎಸ್ (ಹೆಂಗಸರಲ್ಲಿ ಹಾರ್ಮೋನು ಏರುಪೇರಾಗುವ ಅಂಡಾಶಯದ ತೊಂದರೆ), ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಲ್ಲಿ ಸಾಮಾನ್ಯವಾಗಿ ಕಮ್ಮಿ. ಎಸ್‌ಎಚ್‌ಬಿಜಿ ಹೆಚ್ಚಿದ್ದರೆ ಒಟ್ಟು ಟೆಸ್ಟೋಸ್ಟಿರೋನ್ ಸರಿಯಿದ್ದರೂ ಬಿಡಿಯದು ಕಮ್ಮಿ ಇರಬಹುದು. ‘ಒಟ್ಟು’, ‘ಬಿಡಿ’ ಬೇರೆ ಬೇರೆ ಕಾಣಬೇಕಾದ್ದು ಅದಕ್ಕೇ. ಮಿತಿ ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಲ್ಯಾಬಿನಿಂದ ಲ್ಯಾಬಿಗೂ ಬದಲಾಗುತ್ತದೆ. ಹಾಗಾಗಿ ಕರಪತ್ರದಲ್ಲಿ ಅಂಕಿ ಬೇಡ, ‘ನಿಮ್ಮ ರಿಪೋರ್ಟಿನ ಮಿತಿ ನೋಡಿ’ ಅನ್ನಿ.

---

> ಪ್ರೋಟೀನು

ಕೊನೆಗೊಂದು ಉಕಾರ ಅಂಟಿಸಿದರೆ ಕನ್ನಡ ಆಗಿಬಿಡುತ್ತಾ?

---

ಬಸ್ಸು, ಕಾರು, ಬ್ಯಾಂಕು ಆಗಿಲ್ವಾ? ವಿಭಕ್ತಿ ಹತ್ತಿದರೆ ಕನ್ನಡ. ಮುಗಿಯಿತು.

---

ಬ್ಯಾಂಕಿನಲ್ಲಿ ಸಾಲ ತೀರಿಸಬೇಕಾಗುತ್ತದೆ ಸ್ವಾಮಿ. ನೀವು ತೀರಿಸುವುದು ಕಾಣೆ.

---

ಎಲ್ಲರಿಗೂ ಥ್ಯಾಂಕ್ಸ್. ಡಾಕ್ಟರು ‘ಬಿಡಿ’ ಒಪ್ಪಿದರು. ‘ಸಡಿಲ’ಕ್ಕೆ ಸ್ವಲ್ಪ ಮುಖ ಗಂಟಿಕ್ಕಿ ಆಮೇಲೆ ಸರಿ ಅಂದರು. ಮಾತ್ರೆಯ ಸಾಲಿನ ಪಕ್ಕ ‘ನೀವಾಗಿಯೇ ನಿಲ್ಲಿಸಬೇಡಿ, ನಮಗೆ ತಿಳಿಸಿ’ ಅಂತ ಸೇರಿಸಿದ್ದಾರೆ. ನಾನು ಪ್ರೆಸ್ಸಿಗೆ ಹೊರಟೆ, ನೀವು ಮುಂದುವರಿಸಿ.