ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಷ್ಟೇ ಕ್ರ್ಯಾಶ್ ಆಗುತ್ತಿದೆ: ಯಾವ ಭಾಗವನ್ನು ಅಂಗಡಿಗೆ ಹಿಂದಿರುಗಿಸಬೇಕು?

ಸಾಗರದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವಿಡಿಯೊ ಎಡಿಟಿಂಗ್ ಕೆಲಸಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಿದ್ದೇನೆ. ರೈಜೆನ್ 5 7600 ಪ್ರೊಸೆಸರ್, ಬಿ650 ಚಿಪ್‌ಸೆಟ್‌ನ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಸ್ಟಿಕ್‌ಗಳು (ಪೊಟ್ಟಣದ ಮೇಲೆ ವೇಗ 6000 ಎಂದಿದೆ), 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 650 ವಾಟ್‌ನ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ). ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಸದ್ಯಕ್ಕಿಲ್ಲ, ಪ್ರೊಸೆಸರ್‌ನಲ್ಲೇ ಇರುವ ಗ್ರಾಫಿಕ್ಸ್‌ನಿಂದ ಕೆಲಸ ನಡೆಯುತ್ತಿದೆ. ವಿಂಡೋಸ್ 11 ಹಾಕಿದ್ದೇನೆ.

ಸಮಸ್ಯೆ ಹೀಗಿದೆ. ರಾತ್ರಿ ಶಟ್‌ಡೌನ್ ಮಾಡಿ ಬೆಳಿಗ್ಗೆ ಆನ್ ಮಾಡಿದಾಗ ಕೆಲವೊಮ್ಮೆ ವಿಂಡೋಸ್ ಲೋಗೊ ಬರುವ ಮೊದಲೇ ತಾನಾಗಿ ರೀಸ್ಟಾರ್ಟ್ ಆಗುತ್ತದೆ; ಕೆಲವೊಮ್ಮೆ ಲಾಗಿನ್ ಆಗಿ ಡೆಸ್ಕ್‌ಟಾಪ್ ಕಾಣಿಸಿದ ಕೂಡಲೇ ನೀಲಿ ಪರದೆ ಬರುತ್ತದೆ. ನೀಲಿ ಪರದೆಯ ಸಂದೇಶವೂ ಒಂದೇ ಆಗಿರುವುದಿಲ್ಲ: ಒಮ್ಮೆ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಮ್ಮೆ ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ, ಮತ್ತೊಮ್ಮೆ ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್. ಹೀಗೆ ಒಂದೆರಡು ಬಾರಿ ಬಿದ್ದೆದ್ದ ಮೇಲೆ ಯಂತ್ರ ಸರಿಹೋಗುತ್ತದೆ. ಆಮೇಲೆ ಇಡೀ ದಿನ ವಿಡಿಯೊ ರೆಂಡರ್ ಮಾಡಿದರೂ, ರೀಸ್ಟಾರ್ಟ್ ಮಾಡಿದರೂ ಏನೂ ಆಗುವುದಿಲ್ಲ. ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಾಲುಸಾಲಾಗಿ ಇರುವುದರಿಂದ ಎಸ್‌ಎಂಪಿಎಸ್ ಮೇಲೆ ನನಗೆ ಅನುಮಾನ. ವಿಂಡೋಸ್ ಅನ್ನು ಮೊದಲಿನಿಂದ ಮತ್ತೆ ಹಾಕಿ ನೋಡಿದೆ, ವ್ಯತ್ಯಾಸವಾಗಲಿಲ್ಲ.

ಭಾಗ ಬದಲಿಸಿಕೊಡುವ ಅವಧಿ ಮುಗಿಯುತ್ತಾ ಬಂದಿದೆ. ಸಾಗರದಿಂದ ಬೆಂಗಳೂರಿಗೆ ಎಲ್ಲವನ್ನೂ ಹೊತ್ತುಕೊಂಡು ಹೋಗುವ ಬದಲು, ಕೆಟ್ಟಿರುವ ಭಾಗ ಯಾವುದೆಂದು ಮನೆಯಲ್ಲೇ ಖಚಿತಪಡಿಸಿಕೊಳ್ಳುವ ದಾರಿ ಇದ್ದರೆ ದಯವಿಟ್ಟು ತಿಳಿಸಿ.

ಬೆಸುಗೆಕಡ್ಡಿ

ನಮಸ್ಕಾರ ಸರ್. ತಾವು ಲಕ್ಷಣಗಳನ್ನು ಬಿಡಿಸಿ ಬರೆದಿರುವುದರಿಂದ ಉತ್ತರಿಸುವುದು ಸುಲಭವಾಗಿದೆ. ಮೊದಲು ಆ 41ರ ವಿಷಯ. ಅದು ಕಾರಣವನ್ನು ಹೇಳುವ ದಾಖಲೆಯಲ್ಲ. ಹಿಂದಿನ ಬಾರಿ ಕಂಪ್ಯೂಟರ್ ಕ್ರಮಬದ್ಧವಾಗಿ ಮುಚ್ಚಲಿಲ್ಲ ಎಂದು ಮುಂದಿನ ಸ್ಟಾರ್ಟ್‌ನಲ್ಲಿ ವಿಂಡೋಸ್ ಬರೆದಿಡುವ ಟಿಪ್ಪಣಿ ಅಷ್ಟೆ. ಕರೆಂಟು ಹೋದರೂ, ನೀಲಿ ಪರದೆ ಬಂದರೂ, ಪವರ್ ಬಟನ್ ಒತ್ತಿಹಿಡಿದು ಆಫ್ ಮಾಡಿದರೂ ಅದೇ 41 ದಾಖಲಾಗುತ್ತದೆ. ಹೆಸರಿನಲ್ಲಿ ಪವರ್ ಎಂದಿರುವ ಒಂದೇ ಕಾರಣಕ್ಕೆ ಎಷ್ಟು ಒಳ್ಳೆಯ ಎಸ್‌ಎಂಪಿಎಸ್‌ಗಳು ಅಂಗಡಿಗೆ ವಾಪಸಾಗಿವೆಯೋ!

ನನ್ನ ಅನುಮಾನವಿರುವುದು ರ‍್ಯಾಮ್ ಸೆಟ್ಟಿಂಗ್ ಮೇಲೆ, ಅದಕ್ಕೆ ಕಾರಣ ನೀಲಿ ಪರದೆಯ ಸಂದೇಶ ಪ್ರತಿ ಸಲ ಬದಲಾಗುತ್ತಿರುವುದು. ಒಂದು ಡ್ರೈವರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದೇ ಸಂದೇಶ, ಒಂದೇ ಫೈಲಿನ ಹೆಸರು ಮರುಕಳಿಸುತ್ತದೆ. ರ‍್ಯಾಮ್‌ನಲ್ಲಿ ಎಲ್ಲೋ ಒಂದು ಬಿಟ್ ತಪ್ಪಾದಾಗ ಆ ಜಾಗದಲ್ಲಿ ಆ ಹೊತ್ತಿಗೆ ಯಾವ ಪ್ರೋಗ್ರಾಂ ಕೂತಿದೆಯೋ ಅದು ಬೀಳುತ್ತದೆ, ಆದ್ದರಿಂದ ಸಂದೇಶವೂ ಬೇರೆಬೇರೆಯಾಗುತ್ತದೆ. ವಿಂಡೋಸ್ ಮರುಸ್ಥಾಪನೆಯಿಂದ ಪ್ರಯೋಜನವಾಗದಿರುವುದೂ ಇದಕ್ಕೆ ಹೊಂದುತ್ತದೆ.

ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಮದರ್‌ಬೋರ್ಡ್‌ನ ಸೆಟ್ಟಿಂಗ್‌ಗಳಲ್ಲಿ, ಎಕ್ಸ್‌ಪೋ (ಸ್ಟಿಕ್ ತಯಾರಕರು ಮೊದಲೇ ತುಂಬಿಟ್ಟ ಹೆಚ್ಚಿನ ವೇಗದ ಪ್ರೊಫೈಲ್) ಆನ್ ಇದೆಯೇ? ಪೊಟ್ಟಣದ ಮೇಲಿನ 6000 ಎಂಬುದು ಎಕ್ಸ್‌ಪೋ ಆನ್ ಮಾಡಿದಾಗ ಮಾತ್ರ ಸಿಗುವ ವೇಗ. ಈ ಪ್ರೊಸೆಸರ್‌ಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು ಎರಡು ಸ್ಟಿಕ್‌ಗಳಿಗೆ 5200. ಅದಕ್ಕಿಂತ ಮೇಲಿನದೆಲ್ಲ ಓವರ್‌ಕ್ಲಾಕ್ (ನಿಗದಿತ ಮಿತಿಗಿಂತ ವೇಗವಾಗಿ ಓಡಿಸುವುದು) ಲೆಕ್ಕಕ್ಕೆ ಬರುತ್ತದೆ. ಡಿಡಿಆರ್5 ಮೂಲತಃ 1.1 ವೋಲ್ಟ್‌ನಲ್ಲಿ ಓಡಿದರೆ, 6000ದ ಪ್ರೊಫೈಲ್ ಅದನ್ನು ಹಲವು ಕಿಟ್‌ಗಳಲ್ಲಿ 1.35ಕ್ಕೆ ಏರಿಸುತ್ತದೆ. ಎಕ್ಸ್‌ಪೋ ಆಫ್ ಮಾಡಿ ಕೆಲವು ದಿನ ಬೆಳಗಿನ ಸ್ಟಾರ್ಟ್ ಗಮನಿಸಿ. ಹಾಗೆಯೇ ಸ್ಟಿಕ್‌ಗಳು ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ನಲ್ಲಿ, ಅಂದರೆ ಎ2 ಮತ್ತು ಬಿ2ರಲ್ಲಿ, ಸ್ಲಾಟ್‌ನ ಕ್ಲಿಪ್ ಕಚ್ಚುವವರೆಗೆ ಕೂತಿವೆಯೇ ಎಂದೂ ನೋಡಿ. ಅಲ್ಲಿಯವರೆಗೆ ಏನನ್ನೂ ಹಿಂದಿರುಗಿಸಬೇಡಿ, ಏನನ್ನೂ ಕೊಳ್ಳಬೇಡಿ.

ಲೈನ್‌ಮನ್ ಹುಬ್ಬಳ್ಳಿ

ಬೆಸುಗೆಕಡ್ಡಿಯವರ ವಾದ ಒಪ್ಪತಕ್ಕದ್ದೇ, ಆದರೆ ವಿದ್ಯುತ್ತನ್ನು ಇಷ್ಟು ಬೇಗ ಕೈಬಿಡುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಕಡೆಯ ಮನೆಗಳಲ್ಲಿ ಮೂರು ಪಿನ್‌ನ ಸಾಕೆಟ್ ಇದ್ದ ಮಾತ್ರಕ್ಕೆ ಅದರ ಹಿಂದೆ ಅರ್ಥಿಂಗ್ ಇದೆ ಎಂದೇನೂ ಇಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆನ್ನುತ್ತದೆಯೇ? ಹಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿಸಿ. ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಕಂಪ್ಯೂಟರ್ ವಿಚಾರ ಬಿಟ್ಟು ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಇನ್ನೊಂದು, ತಾವು ಬೆಳಿಗ್ಗೆ ಆನ್ ಮಾಡುವಾಗ ಲೈನು ಮನೆಯ ಇನ್ವರ್ಟರ್ ಮೇಲಿರುತ್ತದೆಯೇ? ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟು ಎಳೆಯುವುದನ್ನು ಹದಗೊಳಿಸುವ ಸರ್ಕ್ಯೂಟ್) ಇರುವ ಈಗಿನ ಎಸ್‌ಎಂಪಿಎಸ್‌ಗಳಲ್ಲಿ ಕೆಲವು, ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನ ಕರೆಂಟಿನಲ್ಲಿ ಸರಿಯಾಗಿ ಓಡುವುದಿಲ್ಲ. ಮದರ್‌ಬೋರ್ಡ್‌ನ ಮೇಲಿನ ಮೂಲೆಯಲ್ಲಿರುವ 8 ಪಿನ್‌ನ ಸಿಪಿಯು ಕನೆಕ್ಟರ್ ಅರ್ಧಕ್ಕೇ ನಿಂತಿದ್ದರೂ ಇಂತಹ ಕಾಟ ಬರಬಹುದು.

ಕೊನೆಯದಾಗಿ ಒಂದು ಸಂದೇಹ. ರೀಸ್ಟಾರ್ಟ್‌ನಲ್ಲಿ ತೊಂದರೆಯಿಲ್ಲ, ಶಟ್‌ಡೌನ್ ಆದ ಮೇಲಿನ ಸ್ಟಾರ್ಟ್‌ನಲ್ಲಿ ಮಾತ್ರ ತೊಂದರೆ ಎಂದರೆ ಅದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದಲೂ ಆಗಿರಬಹುದು. ಅದು ಆನ್ ಇದ್ದಾಗ ಶಟ್‌ಡೌನ್ ಎಂದರೆ ಪೂರ್ಣ ಶಟ್‌ಡೌನ್ ಅಲ್ಲ. ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಟ್ಟು ಬೆಳಿಗ್ಗೆ ಅದನ್ನೇ ಮತ್ತೆ ತುಂಬಿಕೊಳ್ಳುತ್ತದೆ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಅದನ್ನು ಆಫ್ ಮಾಡಿದ ಮೇಲೆ ಬರುವ ಫಲಿತಾಂಶವನ್ನಷ್ಟೇ ನಂಬಬೇಕು.

ಸಾಗರದವ

ಇಬ್ಬರಿಗೂ ಧನ್ಯವಾದಗಳು. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದೆ. ಅದಾದ ಮೇಲೂ ಬೆಳಗಿನ ಕ್ರ್ಯಾಶ್ ನಿಲ್ಲಲಿಲ್ಲ. ಕಂಪ್ಯೂಟರ್‌ನ ಸಾಕೆಟ್‌ಗೆ ಇನ್ವರ್ಟರ್ ಲೈನ್ ಕೊಟ್ಟಿಲ್ಲ. ಪರಿಚಿತ ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ನೋಡಿ ಸರಿಯಿದೆ ಎಂದರು. 8 ಪಿನ್ ಕನೆಕ್ಟರ್ ಪೂರ್ತಿ ಕೂತಿದೆ, ರ‍್ಯಾಮ್ ಎ2 ಮತ್ತು ಬಿ2ರಲ್ಲೇ ಇದೆ.

ನಂತರ ಎಕ್ಸ್‌ಪೋ ಆಫ್ ಮಾಡಿದೆ. ವೇಗ 4800ಕ್ಕೆ ಇಳಿಯಿತು, ಬೆಳಗಿನ ಕ್ರ್ಯಾಶ್ ಒಮ್ಮೆಯೂ ಬರಲಿಲ್ಲ. ಮತ್ತೆ ಆನ್ ಮಾಡಿದ ಮರುದಿನವೇ ಹಳೆಯ ಕಥೆ. ಆದರೆ ಇಲ್ಲೊಂದು ಗೊಂದಲವಿದೆ: ಎಕ್ಸ್‌ಪೋ ಆನ್ ಇಟ್ಟುಕೊಂಡೇ ಸಂಜೆ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಪ್ರೋಗ್ರಾಂ ಓಡಿಸಿದರೆ ಒಂದು ದೋಷವನ್ನೂ ತೋರಿಸುವುದಿಲ್ಲ. ರ‍್ಯಾಮ್ ಕೆಟ್ಟಿದ್ದರೆ ಸಂಜೆಯೂ ಕೆಟ್ಟೇ ಇರಬೇಕಲ್ಲವೇ? ಬಯೋಸ್ ತಡಕಾಡುವಾಗ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್ ಎಂಬುದು ಎನೇಬಲ್ಡ್ ಎಂದಿರುವುದು ಕಣ್ಣಿಗೆ ಬಿತ್ತು. ಅದು ಇದಕ್ಕೆ ಸಂಬಂಧಿಸಿದ್ದೇ?

ಬೆಸುಗೆಕಡ್ಡಿ

ಸಂಬಂಧಿಸಿದ್ದು ಮಾತ್ರವಲ್ಲ, ಬಹುಶಃ ತಮ್ಮ ಸಮಸ್ಯೆಯ ಮೂಲ ಅದೇ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೂ ರ‍್ಯಾಮ್ ಸ್ಟಿಕ್‌ಗೂ ನಡುವೆ ಹತ್ತಾರು ತಂತಿಗೆರೆಗಳಿವೆ. 6000 ವೇಗ ಎಂದರೆ ಪ್ರತಿ ಗೆರೆಯಲ್ಲಿ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಓಡಾಡುತ್ತವೆ. ಒಂದು ಬಿಟ್‌ಗೆ ಸಿಗುವ ಕಾಲ ಒಂದು ನ್ಯಾನೊಸೆಕೆಂಡಿನ ಆರನೇ ಒಂದು ಪಾಲು. ಆ ಕಿರಿದಾದ ಸಮಯದ ನಟ್ಟನಡುವೆ ಸಿಗ್ನಲ್ ಓದಬೇಕಾದರೆ ಪ್ರತಿ ಗೆರೆಗೂ ವಿಳಂಬವನ್ನೂ ವೋಲ್ಟೇಜ್ ಮಟ್ಟವನ್ನೂ ಬೇರೆಬೇರೆಯಾಗಿ ಹೊಂದಿಸಬೇಕಾಗುತ್ತದೆ. ಸ್ಟಾರ್ಟ್ ಆಗುವಾಗ ನಡೆಯುವ ಈ ಹೊಂದಾಣಿಕೆಗೆ ಮೆಮೊರಿ ಟ್ರೈನಿಂಗ್ ಎನ್ನುತ್ತಾರೆ. ಹೊಸ ರ‍್ಯಾಮ್ ಹಾಕಿ ಮೊದಲ ಸಲ ಆನ್ ಮಾಡಿದಾಗ ಪರದೆ ಕೆಲವು ನಿಮಿಷ ಕಪ್ಪಾಗಿಯೇ ಇದ್ದು, ಮದರ್‌ಬೋರ್ಡ್‌ನಲ್ಲಿ ಡಿರ‍್ಯಾಮ್ ಎಂಬ ಹೆಸರಿನ ಪಕ್ಕದ ಸಣ್ಣ ದೀಪ ಉರಿಯುತ್ತಿದ್ದುದು ತಮಗೆ ನೆನಪಿರಬಹುದು. ಆಗ ನಡೆಯುತ್ತಿದ್ದುದು ಅದೇ.

ಪ್ರತಿ ಸಲ ಅಷ್ಟು ಹೊತ್ತು ಕಾಯುವುದು ಬೇಡವೆಂದು ತಂದ ಸೌಲಭ್ಯ ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್. ಹಿಂದಿನ ಟ್ರೈನಿಂಗ್‌ನ ಫಲಿತಾಂಶವನ್ನು ಉಳಿಸಿಟ್ಟುಕೊಂಡು, ಹೊಸದಾಗಿ ಅಳೆಯದೆ ಅದನ್ನೇ ಬಳಸುತ್ತದೆ. ಬೆಚ್ಚಗಿದ್ದಾಗ ಅಳೆದ ಲೆಕ್ಕ ಮಲೆನಾಡಿನ ಬೆಳಗಿನ ತಂಪಿಗೆ ಕೂದಲೆಳೆಯಷ್ಟು ಹೊಂದದಿದ್ದರೂ ಸಾಕು, 6000ದಲ್ಲಿ ಆ ಕೂದಲೆಳೆಯೇ ದೊಡ್ಡದು. 4800ರಲ್ಲಿ ಪ್ರತಿ ಬಿಟ್‌ಗೆ ಸಿಗುವ ಕಾಲ ಹೆಚ್ಚಿರುವುದರಿಂದ ಹಳೆಯ ಲೆಕ್ಕವೂ ನಡೆಯುತ್ತದೆ. ಸಂಜೆ ಮೆಮ್‌ಟೆಸ್ಟ್‌ನಲ್ಲಿ ದೋಷ ಕಾಣದಿರುವುದೂ ಇದೇ ಕಾರಣಕ್ಕಿರಬೇಕು. ಆ ಪರೀಕ್ಷೆಯನ್ನು ಬೆಳಿಗ್ಗೆ ಆನ್ ಮಾಡಿದ ಕೂಡಲೇ, ಯಂತ್ರ ತಣ್ಣಗಿರುವಾಗ ನಡೆಸಬೇಕು.

ಈಗ ಮಾಡಬೇಕಾದುದು: ಎಕ್ಸ್‌ಪೋ ಆನ್ ಇರಲಿ, ಕಾಂಟೆಕ್ಸ್ಟ್ ರಿಸ್ಟೋರ್ ಡಿಸೇಬಲ್ ಆಗಲಿ. ಸ್ಟಾರ್ಟ್ ಆಗುವುದು ತುಸು ತಡವಾಗುತ್ತದೆ, ಅದನ್ನು ಹ್ಯಾಂಗ್ ಎಂದುಕೊಂಡು ನಡುವೆ ಆಫ್ ಮಾಡಬೇಡಿ. ಜೊತೆಗೆ ಬಯೋಸ್ ಎಷ್ಟು ಹಳೆಯದೆಂದು ನೋಡಿ. ಈ ತಲೆಮಾರಿನ ಬೋರ್ಡ್‌ಗಳಲ್ಲಿ ಮೆಮೊರಿ ಹೊಂದಾಣಿಕೆ ಸುಧಾರಿಸಿರುವುದು ಬಹುಮಟ್ಟಿಗೆ ಬಯೋಸ್ ಅಪ್‌ಡೇಟ್‌ಗಳಿಂದಲೇ. ಯಾರಾದರೂ ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್‌ನಲ್ಲಿ ಮೆಮೊರಿ ಕಂಟ್ರೋಲರ್ ಇರುವ ಭಾಗಕ್ಕೆ ಹೋಗುವ ವೋಲ್ಟೇಜ್) ಏರಿಸಿ ಎಂದು ಸಲಹೆ ಕೊಟ್ಟರೆ ಕಣ್ಣು ಮುಚ್ಚಿ ಪಾಲಿಸಬೇಡಿ. 2023ರಲ್ಲಿ ಕೆಲವು ರೈಜೆನ್ 7000 ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ ಎಎಂಡಿ ಅದಕ್ಕೆ 1.3 ವೋಲ್ಟ್‌ನ ಮಿತಿ ಹಾಕಿದೆ.

ಕುಂದಾಪ್ರ ಕೋಡರ್

ಬಯೋಸ್ ಅಪ್‌ಡೇಟ್ ಮಾಡುವ ಮುನ್ನ ಒಂದು ಎಚ್ಚರಿಕೆ, ಇದನ್ನು ಬಹಳ ಜನ ಹೇಳುವುದಿಲ್ಲ. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದಾಗ ನಮಗೆ ಗೊತ್ತಿಲ್ಲದೆಯೇ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನಲ್ಲಿರುವುದನ್ನು ಕೀಲಿಯಿಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿಡುವ ಸೌಲಭ್ಯ) ಆನ್ ಆಗಿರಬಹುದು. ಅದರ ಕೀಲಿ ಪ್ರೊಸೆಸರ್‌ನ ಟಿಪಿಎಂಗೆ (ಕೀಲಿಗಳನ್ನು ಕಾಯುವ ಭದ್ರತಾ ಭಾಗ) ಕಟ್ಟಿರುತ್ತದೆ, ಬಯೋಸ್ ಬದಲಾದಾಗ ಟಿಪಿಎಂ ರೀಸೆಟ್ ಆಗಬಹುದು. ಆಗ ಸ್ಟಾರ್ಟ್ ಮಾಡಿದ ಕೂಡಲೇ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದೆಲ್ಲ ಹೋದಂತೆಯೇ. ಆದ್ದರಿಂದ ಮೊದಲು ತಮ್ಮ ಖಾತೆಗೆ ಹೋಗಿ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಇಲ್ಲವೇ ಎನ್‌ಕ್ರಿಪ್ಷನ್ ಆಫ್ ಮಾಡಿ. ಎಕ್ಸ್‌ಪೋ ಆಫ್ ಮಾಡಿ, ಫ್ಯಾಟ್32 ರೂಪದ ಪೆನ್ ಡ್ರೈವ್‌ಗೆ ಫೈಲ್ ಹಾಕಿ, ಕರೆಂಟು ಹೋಗದ ಹೊತ್ತು ನೋಡಿ ಅಪ್‌ಡೇಟ್ ಮಾಡಿ. ಮಳೆಗಾಲದಲ್ಲಿ ಸಾಗರದಲ್ಲಿ ಅಂಥ ಹೊತ್ತು ಸಿಗುವುದು ಅಪರೂಪ ಎಂಬುದು ಗೊತ್ತಿದೆ, ಸಾಧ್ಯವಾದರೆ ಯುಪಿಎಸ್ ಎರವಲು ಪಡೆಯಿರಿ.

ಇನ್ನೂ ಒಂದು ವಿಷಯ. ರ‍್ಯಾಮ್ ತಪ್ಪು ಮಾಡುತ್ತಿದ್ದ ಅವಧಿಯಲ್ಲಿ ಡಿಸ್ಕಿಗೆ ಬರೆದ ಫೈಲ್‌ಗಳೂ ಕೆಟ್ಟಿರಬಹುದು. ಯಂತ್ರ ಸ್ಥಿರವಾದ ಮೇಲೆ ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್‌ನ ಫೈಲ್‌ಗಳನ್ನು ಪರೀಕ್ಷಿಸಿ ಸರಿಪಡಿಸುವ ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಓಡಿಸಿ. ಆ ದಿನಗಳಲ್ಲಿ ಕ್ಯಾಮೆರಾದಿಂದ ಕಾಪಿ ಮಾಡಿಕೊಂಡ ವಿಡಿಯೊಗಳಿದ್ದರೆ ಮೆಮೊರಿ ಕಾರ್ಡ್ ಅಳಿಸುವ ಮೊದಲು ಅವನ್ನು ಪೂರ್ತಿ ಓಡಿಸಿ ನೋಡಿ.

ಸಾಗರದವ

ಅಪ್‌ಡೇಟ್ ಆಯಿತು. ಹೇಳಿದಂತೆಯೇ ರಿಕವರಿ ಕೀ ಕೇಳಿತು, ಬರೆದಿಟ್ಟುಕೊಂಡಿದ್ದರಿಂದ ಪಾರಾದೆ. ಈಗ ಎಕ್ಸ್‌ಪೋ ಆನ್, ಕಾಂಟೆಕ್ಸ್ಟ್ ರಿಸ್ಟೋರ್ ಡಿಸೇಬಲ್. ಬೆಳಿಗ್ಗೆ ಡಿರ‍್ಯಾಮ್ ದೀಪ ಹೆಚ್ಚು ಹೊತ್ತು ಉರಿಯುತ್ತದೆ, ಆದರೆ ಕ್ರ್ಯಾಶ್ ಇಲ್ಲ. ತಣ್ಣಗಿರುವಾಗಲೇ ನಡೆಸಿದ ಮೆಮ್‌ಟೆಸ್ಟ್‌ನಲ್ಲೂ ದೋಷ ಬರಲಿಲ್ಲ. ಎಸ್‌ಎಫ್‌ಸಿ ಕೆಲವು ಫೈಲ್‌ಗಳನ್ನು ಸರಿಪಡಿಸಿದ್ದಾಗಿ ತಿಳಿಸಿತು.

ಎರಡು ಪ್ರಶ್ನೆಗಳು ಉಳಿದಿವೆ. ರ‍್ಯಾಮ್ ಅನ್ನು ಆದರೂ ಬದಲಿಸಿಕೊಳ್ಳಬೇಕೇ? ವಿಡಿಯೊ ಕೆಲಸಕ್ಕೆ 32 ಜಿಬಿ ಸಾಲದಾದಾಗ ಖಾಲಿ ಇರುವ ಎರಡು ಸ್ಲಾಟ್‌ಗಳಿಗೆ ಇಂಥದೇ ಇನ್ನೊಂದು ಜೋಡಿ ಹಾಕಬಹುದೇ?

ಬೆಸುಗೆಕಡ್ಡಿ

ತಣ್ಣಗಿರುವಾಗ ಮೆಮ್‌ಟೆಸ್ಟ್ ಶುದ್ಧವಾಗಿ ಮುಗಿದಿರುವಾಗ ಬದಲಿಸುವ ಅಗತ್ಯ ಕಾಣುವುದಿಲ್ಲ. ಮುಂದೆಂದಾದರೂ ಎಕ್ಸ್‌ಪೋ ಆಫ್ ಇದ್ದಾಗಲೂ ದೋಷ ಬಂದರೆ ಒಂದೊಂದೇ ಸ್ಟಿಕ್ ಅನ್ನು ಎ2ರಲ್ಲಿ ಹಾಕಿ ಪರೀಕ್ಷಿಸಿ, ದೋಷ ತೋರಿಸುವ ಪರದೆಯ ಫೋಟೊ ತೆಗೆದಿಡಿ. ಮೂಲ ವೇಗದಲ್ಲೇ ಬಂದ ದೋಷವನ್ನು ವಾರಂಟಿಯಲ್ಲಿ ಅಲ್ಲಗಳೆಯುವುದು ಕಷ್ಟ. ಹಿಂದಿರುಗಿಸುವಾಗ ಎರಡನ್ನೂ ಒಟ್ಟಿಗೇ ಕೊಡಿ, ಜೋಡಿಯಾಗಿ ಪರೀಕ್ಷಿಸಿ ಮಾರಿದ ಕಿಟ್ ಅದು.

ಇನ್ನೊಂದು ಜೋಡಿ ಹಾಕುವುದು ಬೇಡ. ನಾಲ್ಕು ಸ್ಟಿಕ್‌ಗಳಿಗೆ ಈ ಪ್ರೊಸೆಸರ್‌ನ ಅಧಿಕೃತ ವೇಗ 3600 ಮಾತ್ರ. ಇಷ್ಟು ಕಷ್ಟಪಟ್ಟು ಪಡೆದ 6000 ಅಲ್ಲಿಗೆ ಮುಗಿಯುತ್ತದೆ. ಅಗತ್ಯ ಬಿದ್ದಾಗ ಇದನ್ನು ಮಾರಿ 32 ಜಿಬಿಯ ಎರಡು ಸ್ಟಿಕ್‌ಗಳ ಕಿಟ್ ತೆಗೆದುಕೊಳ್ಳಿ. ಕೊಳ್ಳುವ ಮುನ್ನ ಮದರ್‌ಬೋರ್ಡ್ ತಯಾರಕರು ತಮ್ಮ ಜಾಲತಾಣದಲ್ಲಿ ಕೊಟ್ಟಿರುವ ಮೆಮೊರಿ ಪಟ್ಟಿಯಲ್ಲಿ ಆ ಕಿಟ್‌ನ ಪಾರ್ಟ್ ನಂಬರ್ ಅಕ್ಷರಶಃ ಇದೆಯೇ ಎಂದು ನೋಡಿಕೊಳ್ಳಿ, ಒಂದು ಅಕ್ಷರ ಬದಲಾದರೂ ಒಳಗಿನ ಚಿಪ್ ಬೇರೆಯಾಗಿರಬಹುದು.