ತೋಟದ ಮನೆಗೆ ಕಡಿಮೆ ಸಿಮೆಂಟಿನ ವಿನ್ಯಾಸ: ಸ್ಲ್ಯಾಬಿನ ಆಕಾರ ಮತ್ತು ಫೈಬರ್ ಕಂಬಿಯ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಸೋಮವಾರಪೇಟೆ ತಾಲ್ಲೂಕು):
ನಮಸ್ಕಾರ. ನಮ್ಮ ತೋಟದಲ್ಲಿ ಎರಡಂತಸ್ತಿನ ಮನೆಯನ್ನೂ ಪಕ್ಕದಲ್ಲೇ ಕಾಫಿ ಒಣಗಿಸುವ ಕಣವನ್ನೂ ಕಟ್ಟಿಸಬೇಕೆಂದಿದ್ದೇವೆ. ನಕ್ಷೆಯ ಪ್ರಕಾರ ಹಜಾರದ ಮೇಲೆ ನಡುವೆ ಆಧಾರವಿಲ್ಲದ 5 ಮೀಟರ್ ಸ್ಲ್ಯಾಬ್ ಬರುತ್ತದೆ. ಮೇಲಂತಸ್ತಿಗೆ ಇಳಿಜಾರು ಕಾಂಕ್ರೀಟ್ ಹಾಕಿ, ಅದರ ಮೇಲೆ ಮಂಗಳೂರು ಹೆಂಚು ಹೊದಿಸುವುದೆಂದಿದೆ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಶೇ 7-8ರಷ್ಟು ಸಿಮೆಂಟಿನಿಂದಲೇ ಬರುತ್ತದೆಂದು ಓದಿದ ಮೇಲೆ ಇಷ್ಟೊಂದು ಕಾಂಕ್ರೀಟ್ ಸುರಿಯಲು ಮನಸ್ಸಾಗುತ್ತಿಲ್ಲ. ಉಕ್ಕಿನ ಬದಲು ಗ್ಲಾಸ್ ಫೈಬರ್ ಕಂಬಿ (ಗಾಜಿನ ಎಳೆಗಳನ್ನು ರಾಳದಲ್ಲಿ ಬೆಸೆದು ಮಾಡಿದ್ದು) ಬಳಸಿದರೆ ಪ್ರಯೋಜನವಿದೆಯೇ, ಅಥವಾ ಸ್ಲ್ಯಾಬಿನ ಆಕಾರವನ್ನೇ ಬದಲಿಸಬೇಕೇ? ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಉತ್ತರ (ಮಡಿಕೇರಿ, ಸ್ಟ್ರಕ್ಚರಲ್ ಇಂಜಿನಿಯರ್):
ಮೊದಲು ಆಕಾರವನ್ನು ನೋಡಿ. ಸ್ಲ್ಯಾಬನ್ನು ಬಾಗಿಸುವ ಬಲ ಆಧಾರಗಳ ನಡುವಿನ ಅಂತರದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಹಜಾರದ ನಡುವೆ ಒಂದು ಗೋಡೆಯೋ ಬೀಮೋ ಬಂದು 5 ಮೀಟರ್ ಎಂಬುದು ಎರಡೂವರೆಯಾದರೆ ಆ ಬಲ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಬೀಮಿನ ಕಾಂಕ್ರೀಟನ್ನು ಲೆಕ್ಕಕ್ಕೆ ಸೇರಿಸಿದರೂ ಸಾಮಾನ್ಯವಾಗಿ ಉಳಿತಾಯವೇ ಆಗುತ್ತದೆ. ಇನ್ನು, ಬಾಗುವ ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತವನ್ನು ತಾಳುವುದು ಕಂಬಿಯೇ ಹೊರತು ಕಾಂಕ್ರೀಟಲ್ಲ. ಅಲ್ಲಿ ಕಾಂಕ್ರೀಟಿನ ಒಂದು ಪಾಲಿನ ಬದಲು ಕಂಬಿಗಳ ನಡುವೆ ಹಳೆಯ ಮಂಗಳೂರು ಹೆಂಚುಗಳನ್ನು ಜೋಡಿಸಿ ಸುರಿಯುವುದೇ ಫಿಲ್ಲರ್ ಸ್ಲ್ಯಾಬ್. ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಇದನ್ನು ಜನಪ್ರಿಯಗೊಳಿಸಿದರು. ಹೆಂಚನ್ನು ಒಂದು ದಿನ ನೀರಲ್ಲಿ ನೆನೆಸಿಡದಿದ್ದರೆ ಅದು ಹಸಿ ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ.

ಕಮಾನಿನಾಕಾರದ ತೆಳು ಮಾಳಿಗೆ ಇದಕ್ಕಿಂತಲೂ ಮಿತವ್ಯಯಿ. ಸ್ವಿಟ್ಜರ್ಲೆಂಡಿನ ಇಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು ಅಂಥ ಏಣುಗಳುಳ್ಳ ಮಾಳಿಗೆಯನ್ನು ನಿಜವಾದ ಕಟ್ಟಡದಲ್ಲೇ ಕಟ್ಟಿ ತೋರಿಸಿದ್ದಾರೆ. ಆದರೆ ಕಮಾನು ತನ್ನ ಆಧಾರವನ್ನು ಹೊರಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹಿಡಿಯಲು ಉಕ್ಕಿನ ಅಡ್ಡಸರಳು ಬೇಕೇ ಬೇಕು. ಗುಡ್ಡ ಕಡಿದು ಮಟ್ಟ ಮಾಡಿದ ಜಾಗದಲ್ಲಿ, 2018ರ ಭೂಕುಸಿತಗಳನ್ನು ಕಂಡ ನಾವು, ಮಣ್ಣಿನ ಮೇಲೆ ಅಡ್ಡಬಲವನ್ನು ಹೊರಿಸಬಾರದೆಂದೇ ನನ್ನ ದೃಢ ಅಭಿಪ್ರಾಯ.

ಮೇಲಿನ ಇಳಿಜಾರು ಕಾಂಕ್ರೀಟನ್ನಂತೂ ಪೂರ್ತಿ ಬಿಟ್ಟುಬಿಡಿ. ಮಳೆಯನ್ನು ತಡೆಯುವುದು ಹೆಂಚೇ ಆಗಿರುವಾಗ, ಅದನ್ನು ಹೊರಲು ಮರದ ಅಥವಾ ಉಕ್ಕಿನ ಚೌಕಟ್ಟು ಸಾಕು.

ಉತ್ತರ (ವಿರಾಜಪೇಟೆ):
ಫೈಬರ್ ಕಂಬಿ ತುಕ್ಕು ಹಿಡಿಯುವುದಿಲ್ಲ, ತೂಕವೂ ಉಕ್ಕಿನ ಸುಮಾರು ಕಾಲು ಭಾಗ. ಆದರೆ ಅದರ ಬಿಗಿತವೂ (ಎಳೆದಾಗ ಹಿಗ್ಗದೆ ನಿಲ್ಲುವ ಗುಣ) ಉಕ್ಕಿನ ಹೆಚ್ಚುಕಡಿಮೆ ಕಾಲು ಭಾಗವಷ್ಟೇ ಆದ್ದರಿಂದ, ಸ್ಲ್ಯಾಬ್ ಜಗ್ಗದಿರಲೆಂದು ದಪ್ಪವನ್ನೋ ಕಂಬಿಯನ್ನೋ ಹೆಚ್ಚಿಸಬೇಕಾಗುತ್ತದೆ. ಆಗ ಉಳಿಸಿದ ಇಂಗಾಲ ಮತ್ತೆ ಸೇರಿಕೊಳ್ಳುತ್ತದೆ. ಉಕ್ಕು ಮುರಿಯುವ ಮೊದಲು ಬಾಗಿ ಮುನ್ಸೂಚನೆ ಕೊಡುತ್ತದೆ, ಇದು ಕೊಡುವುದಿಲ್ಲ. ಬೆಂಕಿಯ ಶಾಖಕ್ಕೆ ಬೇಗ ದುರ್ಬಲವಾಗುತ್ತದೆ, ಕೆಲಸದ ಜಾಗದಲ್ಲಿ ಬಗ್ಗಿಸಲೂ ಬರುವುದಿಲ್ಲ. ಹಾಗಾಗಿ ಜನ ವಾಸಿಸುವ ಮಾಳಿಗೆಗೆ ಉಕ್ಕೇ ಇರಲಿ. ಕಣದಲ್ಲಿ ಮಾತ್ರ ಇದಕ್ಕೆ ಒಳ್ಳೆಯ ಅವಕಾಶವಿದೆ: ಕಾಂಕ್ರೀಟ್ ನೆಲದ ಮೇಲೇ ಕೂತಿರುತ್ತದೆ, ಕಂಬಿಯ ಕೆಲಸ ಬಿರುಕನ್ನು ಹಿಡಿದಿಡುವುದಷ್ಟೆ, ಕೆಳಗಿನ ತೇವದಿಂದ ತುಕ್ಕಿನ ಭಯವೂ ಇಲ್ಲ. ಬಿರುಕು ಅಡ್ಡಾದಿಡ್ಡಿ ಬಾರದಂತೆ ಮೂರು ನಾಲ್ಕು ಮೀಟರಿಗೊಂದು ಜಾಯಿಂಟ್ (ಗೀರು) ಕೊಯ್ದರೆ ಹಲವೆಡೆ ಕಂಬಿಯೇ ಬೇಕಾಗದಿರಬಹುದು.

ಉತ್ತರ (ಕುಶಾಲನಗರ, ಗುತ್ತಿಗೆದಾರ):
ಸಿಮೆಂಟಿನ ಆಯ್ಕೆಯನ್ನೂ ಮರೆಯಬೇಡಿ. ಕ್ಲಿಂಕರ್ (ಪುಡಿಮಾಡಿ ಸಿಮೆಂಟ್ ತಯಾರಿಸುವ ಸುಟ್ಟ ಗಟ್ಟಿ) ಸುಡುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಹೆಚ್ಚಿನ ಪಾಲು ಸುಣ್ಣದಕಲ್ಲಿನೊಳಗಿಂದಲೇ ಬರುವುದರಿಂದ, ಇಂಧನ ಬದಲಿಸಿದರೂ ಅದು ತಪ್ಪುವುದಿಲ್ಲ; ಕ್ಲಿಂಕರನ್ನೇ ಕಡಿಮೆ ಮಾಡಬೇಕು. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟ್, ಉಕ್ಕಿನ ಕಾರ್ಖಾನೆಯ ಕುಲುಮೆಯ ಸ್ಲ್ಯಾಗ್ (ಕಿಟ್ಟ) ಬೆರೆತ ಪಿಎಸ್‌ಸಿ ಸಿಮೆಂಟ್ ಎರಡೂ ಅದಕ್ಕೇ ಇವೆ. ಇವುಗಳಿಗೆ ಶಕ್ತಿ ನಿಧಾನವಾಗಿ ಬರುವುದರಿಂದ, ಚಳಿಯ ದಿನಗಳಲ್ಲಿ ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬಾರದು, ಕ್ಯೂರಿಂಗ್ (ಕಾಂಕ್ರೀಟನ್ನು ಒದ್ದೆಯಾಗಿಡುವುದು) ಕನಿಷ್ಠ 10 ದಿನ ನಡೆಯಲೇಬೇಕು. ಮಳೆಗಾಲ ಶುರುವಾಗುವ ಮೊದಲೇ ಸ್ಲ್ಯಾಬ್ ಮುಗಿಯುವಂತೆ ಕೆಲಸದ ದಿನಗಳನ್ನು ಲೆಕ್ಕ ಹಾಕಿಕೊಳ್ಳಿ.