ಪಿಸ್ಟನ್ ಡ್ಯಾಂಪಿಂಗ್ ಬಲ ಸಿಮ್ಯುಲೇಶನ್‌ನಲ್ಲಿ ಕಡಿಮೆ ಬರ್ತಿದೆ, ಶುರುವಿನಲ್ಲೇ ಸ್ಪೈಕ್ ಬೇರೆ

ಪ್ರಶ್ನೆ:
ಎಣ್ಣೆ ತುಂಬಿದ ಸಿಲಿಂಡರ್, ಒಳಗೆ ಚಲಿಸೋ ಪಿಸ್ಟನ್‌ಗೆ ಎಣ್ಣೆ ಒಡ್ಡುವ ತಡೆ (ಡ್ಯಾಂಪಿಂಗ್ ಬಲ) ಲೆಕ್ಕ ಹಾಕ್ತಿದ್ದೀನಿ. ಪಿಸ್ಟನ್ ವ್ಯಾಸ 40 ಮಿ.ಮೀ., ಉದ್ದ 20 ಮಿ.ಮೀ., ಸುತ್ತ 0.25 ಮಿ.ಮೀ. ಸಂದು, ಎಣ್ಣೆ ಹಾಯೋದು ಅಲ್ಲಿಂದ ಮಾತ್ರ. ಸ್ನಿಗ್ಧತೆ 0.1 ಪಾಸ್ಕಲ್-ಸೆಕೆಂಡ್, ಸಾಂದ್ರತೆ 870 ಕೆ.ಜಿ./ಘ.ಮೀ., ಪಿಸ್ಟನ್ ವೇಗ 0.1 ಮೀ./ಸೆ. ಕಿರಿದಾದ ಸಂದಿನ ಹರಿವಿನ ಸೂತ್ರ 1930 ನ್ಯೂಟನ್ ಅನ್ನುತ್ತೆ, ಸಿಮ್ಯುಲೇಶನ್‌ನ ಲ್ಯಾಮಿನಾರ್ (ಸುಳಿಯಿಲ್ಲದ ಹರಿವಿನ) ರನ್ 1600ರ ಹತ್ತಿರ ನಿಲ್ಲುತ್ತೆ. 5 ಹರ್ಟ್ಜ್ ಸೈನ್ ಚಲನೆ ಕೊಟ್ಟರೆ ಮೊದಲ ಹೆಜ್ಜೆಯಲ್ಲೇ ಬಲ ಜಿಗಿಯುತ್ತೆ. ಟೈಮ್ ಸ್ಟೆಪ್ ಚಿಕ್ಕದು ಮಾಡಿದಷ್ಟೂ ಜಿಗಿತ ದೊಡ್ಡದು. ಟರ್ಬುಲೆನ್ಸ್ (ಸುಳಿಸುಳಿಯಾದ ಹರಿವಿನ) ಮಾಡೆಲ್ ಹಾಕಬೇಕಾ?

ಉತ್ತರ:
ಬೇಡ. ಸಂದಿನಲ್ಲಿ ಸರಾಸರಿ ವೇಗ 4 ಮೀ./ಸೆ., ಹರಿವು ಸುಳಿಯಾಗುತ್ತೋ ಇಲ್ಲವೋ ಹೇಳುವ ರೇನಾಲ್ಡ್ಸ್ ಸಂಖ್ಯೆ 17ರ ಆಸುಪಾಸು, ಸುಳಿಗೆ ತೀರಾ ಕಡಿಮೆ. ಟರ್ಬುಲೆನ್ಸ್ ಹಾಕಿದರೆ ಇಲ್ಲದ ಸ್ನಿಗ್ಧತೆ ಸೇರಿ ಬಲ ಏರಬಹುದು, ಉತ್ತರ ಸರಿಹೋದಂತೆ ಕಂಡು ಮೋಸವಾಗುತ್ತೆ. ಸಂದಿನ ಅಡ್ಡಕ್ಕೆ ಎಷ್ಟು ಸೆಲ್ (ಲೆಕ್ಕಕ್ಕಾಗಿ ಎಣ್ಣೆಯ ಜಾಗವನ್ನು ಹಂಚಿದ ಪುಟ್ಟ ತುಂಡುಗಳು) ಇವೆ?

ಪ್ರಶ್ನಿಸಿದವರು:
ಮೂರು.

ಉತ್ತರ:
ಸಿಕ್ಕಿತು. ಗೋಡೆ ಪಕ್ಕದ ಇಳಿಜಾರನ್ನು ಸೆಲ್‌ನ ನಡುವಿಂದ ಸರಳರೇಖೆಯಲ್ಲಿ ಲೆಕ್ಕ ಹಾಕೋದರಿಂದ, ಒಂದೇ ಒತ್ತಡಕ್ಕೆ ಹರಿವು 1 + 2/N² ಪಟ್ಟು ಬರುತ್ತೆ (N ಅಂದರೆ ಅಡ್ಡಕ್ಕಿರುವ ಸಮಾನ ಸೆಲ್‌ಗಳು). ನಿಮ್ಮಲ್ಲಿ ಹರಿವನ್ನು ಪಿಸ್ಟನ್ನೇ ನಿಗದಿ ಮಾಡುತ್ತೆ, ಹಾಗಾಗಿ ಒತ್ತಡವೇ ಕುಸಿಯುತ್ತೆ: ಮೂರು ಸೆಲ್‌ಗೆ ಶೇ. 18 ಕಡಿಮೆ. ಹತ್ತು ಹಾಕಿ, ತಪ್ಪು ಶೇ. 2ಕ್ಕೆ ಇಳಿಯುತ್ತೆ. ಉದ್ದಕ್ಕೆ ಸೆಲ್ ಎಳೆದಿದ್ದರೂ ತೊಂದರೆ ಇಲ್ಲ. ಬಲ ಕೂಡುವಾಗ ಎರಡೂ ಮುಖದ ಜೊತೆ ಪಕ್ಕದ ಗೋಡೆಯ ಘರ್ಷಣೆ ಸೇರಿಸಿ, ಅದು ಸುಮಾರು 24 ನ್ಯೂಟನ್.

ಸ್ಪೈಕ್‌ಗೆ ಕಾರಣ ಬೇರೆ. ಪಿಸ್ಟನ್ ಸ್ಥಾನ x = X sin ωt (X ಅತಿ ಹೆಚ್ಚಿನ ಸರಿತ, ω ಅಂದರೆ 2π ಪಟ್ಟು ಹರ್ಟ್ಜ್) ಅಂದರೆ ಶುರುವಿನಲ್ಲೇ ಪೂರ್ತಿ ವೇಗ; ನಿಂತಿದ್ದ ಎಣ್ಣೆಗೆ ಒಂದೇ ಹೆಜ್ಜೆಯಲ್ಲಿ ಅಷ್ಟು ವೇಗ ಬರಬೇಕು. X(1 − cos ωt) ಕೊಡಿ. ಮೊದಲ ಸುತ್ತು ಬಿಟ್ಟು, ಮುಂದಿನ ಸುತ್ತಿನ ಬಲ-ಸ್ಥಾನ ಲೂಪ್‌ನ ವಿಸ್ತೀರ್ಣವನ್ನು πωX²ನಿಂದ ಭಾಗಿಸಿದರೆ ಡ್ಯಾಂಪಿಂಗ್ ಗುಣಾಂಕ (ಬಲ ಭಾಗಿಸು ವೇಗ). ಜಡತ್ವದ ಪಾಲು ತಾನಾಗಿ ಕಳೆದುಹೋಗುತ್ತೆ. ನಿಜ ಹೇಳಬೇಕಂದ್ರೆ, ಇಲ್ಲಿ ಹರಿವು ನೆಲೆಗೊಳ್ಳೋಕೆ ಅರ್ಧ ಮಿಲಿಸೆಕೆಂಡ್ ಸಾಕು. ಒಂದು ಸುತ್ತಿಗೆ 200 ಮಿಲಿಸೆಕೆಂಡ್ ಇರುವ 5 ಹರ್ಟ್ಜ್‌ಗೆ ಚಲಿಸುವ ಮೆಶ್ (ಸೆಲ್‌ಗಳ ಜಾಲ) ದಂಡ. ಪಿಸ್ಟನ್ ನಿಲ್ಲಿಸಿ, ಗೋಡೆಗೂ ಒಳಹರಿವಿಗೂ ವೇಗ ಕೊಟ್ಟು ಬೇರೆ ಬೇರೆ ವೇಗಕ್ಕೆ ನಾಲ್ಕೈದು ಸ್ಟೆಡಿ (ಕಾಲದೊಂದಿಗೆ ಬದಲಾಗದ ಹರಿವಿನ) ರನ್ ಮಾಡಿ.

ಪ್ರಶ್ನಿಸಿದವರು:
ಹತ್ತು ಸೆಲ್‌ಗೆ ಸೂತ್ರದ ಹತ್ತಿರ ಬಂತು. ನಿಜವಾದ ಟೆಸ್ಟ್ ರಿಗ್‌ನಲ್ಲಿ ಅಳೆದರೆ ಮಾತ್ರ 1100 ನ್ಯೂಟನ್.

ಉತ್ತರ:
ಮೊದಲು ಎಣ್ಣೆಯ ಬಿಸಿ ಅಳೆಯಿರಿ (ಬಿಸಿಯಾದರೆ ಸ್ನಿಗ್ಧತೆ ಇಳಿಯುತ್ತೆ), ಆಮೇಲೆ ಸಂದು. ಸಂದು 0.27 ಮಿ.ಮೀ. ಆಗಿದ್ದರೇ ಬಲದಲ್ಲಿ ಶೇ. 21 ಹೋಯಿತು, ಬಲ ಸಂದಿನ ಘನಕ್ಕೆ ವಿಲೋಮವಾಗಿ ಇಳಿಯುತ್ತೆ. ಪಿಸ್ಟನ್ ಒಂದು ಪಕ್ಕಕ್ಕೆ ಪೂರ್ತಿ ಒರಗಿದರೆ ಬಲ ಶೇ. 40ಕ್ಕೆ ಇಳಿಯುತ್ತೆ, ಅದು ಒರಗಿದ ದಿಕ್ಕಿನಲ್ಲಿ ಉದ್ದಕ್ಕೆ ಸೀಳಿದ ಅರ್ಧ ಮಾಡೆಲ್‌ನಲ್ಲೂ ಬರುತ್ತೆ, ಆದರೆ ಅಕ್ಷಸಮ್ಮಿತ (ಸುತ್ತಲೂ ಒಂದೇ ಥರ ಅಂತ ಹಿಡಿಯುವ) ಮೆಶ್‌ನಲ್ಲಿ ಎಂದೂ ಕಾಣಲ್ಲ.